ಪಂಚಾಯತ್ ಅಂಗಳದ ಮಳೆಮಾಪಕ ಮತ್ತು ನಮ್ಮ ಅಡಿಕೆ ತೋಟ

ಗ್ರಾಮ ಪಂಚಾಯತ್ ಕಚೇರಿಯ ಬಳಿ ಪುಟ್ಟ ಸೌರಫಲಕ ಹೊತ್ತು ನಿಂತಿರುವ ಉಪಕರಣವೊಂದನ್ನು ನಾವು ಹಲವರು ಕಂಡಿದ್ದೇವೆ. ಅದೇನೆಂದು ವಿಚಾರಿಸಿದವರು ವಿರಳ. ಅಡಿಕೆ ಕೃಷಿಕನ ವಿಮೆಯ ಹಣ ಬಹುಮಟ್ಟಿಗೆ ನಿರ್ಧಾರವಾಗುವುದು ಅಲ್ಲಿಯೇ.

ಅದು ಮಳೆಮಾಪಕ. ಬಿದ್ದ ನೀರು ಒಳಗಿನ ಪುಟ್ಟ ಬೋಗುಣಿಯನ್ನು ತುಂಬಿದೊಡನೆ ಬೋಗುಣಿ ವಾಲಿ ಬರಿದಾಗುತ್ತದೆ. ಎಷ್ಟು ಸಲ ವಾಲಿತೆಂಬ ಎಣಿಕೆಯೇ ಮಳೆಯ ಲೆಕ್ಕ. ಈ ಲೆಕ್ಕವು 15 ನಿಮಿಷಗಳಿಗೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನು ತಲುಪುತ್ತದೆ. 1988ರಲ್ಲಿ ಬರವನ್ನು ಗಮನಿಸಲೆಂದು ಆರಂಭವಾದ ಘಟಕವೇ ಇಂದು ಅತಿವೃಷ್ಟಿಯನ್ನೂ ಅಳೆಯುತ್ತಿದೆ.

2016ರಲ್ಲಿ ಜಾರಿಗೆ ಬಂದ ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಕೃಷಿಕನು ಕಟ್ಟುವುದು ವಿಮಾ ಮೊತ್ತದ ಶೇ. 5 ಮಾತ್ರ. ನಷ್ಟ ನೋಡಲು ಅಧಿಕಾರಿ ತೋಟಕ್ಕೆ ಬರಬೇಕಿಲ್ಲ, ಯಾರಲ್ಲಿಯೂ ಅಂಗಲಾಚಬೇಕಿಲ್ಲ. ಎಡೆಬಿಡದ ಮಳೆಗೆ ಕೊಳೆರೋಗ ಹರಡುತ್ತದೆಂಬುದು ನಮ್ಮ ಹಿರಿಯರೂ ಬಲ್ಲ ಸಂಗತಿ. ಆದುದರಿಂದ ನಿಗದಿತ ಮಿತಿಯನ್ನು ಮೀರಿ ಮಳೆ ದಾಖಲಾದರೆ ಪರಿಹಾರ ತಾನಾಗಿ ಬರಬೇಕು. ಇದು ಸಣ್ಣ ಉಪಕಾರವಲ್ಲ.

ಆದರೆ ದಾಖಲಾಗದಿದ್ದರೆ? ಕರಾವಳಿಯ ಗುಡ್ಡ ಕಣಿವೆಗಳಲ್ಲಿ ಮಳೆ ಸಮನಾಗಿ ಸುರಿಯುವುದಿಲ್ಲ. ಗುಡ್ಡದ ಈಚೆ ಧೋ ಎಂದು ಸುರಿಯುವಾಗ ಆಚೆ ಬಟ್ಟೆ ಒಣಗಿಸುವವರಿರುತ್ತಾರೆ. ಒಂದು ಪಂಚಾಯತಿಗೆಲ್ಲ ಒಂದೇ ಮಾಪಕದ ಲೆಕ್ಕ ಸಲ್ಲುವಾಗ, ಅದರ ಬಾಯಿಗೆ ತರಗೆಲೆ ಸಿಕ್ಕಿದರೂ ಮಾಪಕ ಕೆಟ್ಟು ನಿಂತರೂ ಹೊಡೆತ ಇಡೀ ಗ್ರಾಮಕ್ಕೆ. ಮರದ ಬುಡದಲ್ಲಿ ಉದುರಿದ ಕಾಯಿಗಳು ಯಂತ್ರಕ್ಕೆ ಕಾಣುವುದಿಲ್ಲ. ಮೈಲುತುತ್ತು, ಸುಣ್ಣ, ಮರವೇರುವವರ ಕೂಲಿ ಇವೆಲ್ಲ ಕೃಷಿಕನ ಕೈಯಿಂದ ಆಗಲೇ ಖರ್ಚಾಗಿರುತ್ತವೆ.

ಇನ್ನೊಂದು ತೊಡಕು ಪಹಣಿಯದು. ಅದರಲ್ಲಿ ಅಡಿಕೆ ಬೆಳೆ ನಮೂದಾಗಿರದಿದ್ದರೆ ವಿಮೆಗೆ ತಕರಾರು ತಪ್ಪದು. ಬೆಳೆ ಸಮೀಕ್ಷೆಯನ್ನು ಮೊಬೈಲ್ ಆ್ಯಪ್‌ನಲ್ಲಿ, ಹೊಲದಲ್ಲಿಯೇ ನಿಂತು ಫೋಟೋ ತೆಗೆದು, ಕೃಷಿಕರು ತಾವೇ ಮಾಡಬಹುದು. ಅಡಿಕೆಯ ನಡುವೆ ತೆಂಗು, ಮರಕ್ಕೆ ಹಬ್ಬಿದ ಕಾಳುಮೆಣಸು, ಕೆಳಗೆ ಕೊಕ್ಕೋ ಇರುವ ತೋಟವನ್ನು ಅದರಲ್ಲಿ ತುಂಬಿಸುವುದು ಕಲಿತವರಿಗೂ ಸುಲಭವಲ್ಲ. ಮಕ್ಕಳೆಲ್ಲ ಮುಂಬಯಿ, ಗಲ್ಫ್ ಸೇರಿ, ಬಟನ್ ಫೋನ್ ಹಿಡಿದು ಮನೆಯಲ್ಲುಳಿದ ವೃದ್ಧ ತಾಯಂದಿರ ಪಾಡೇನು? ರಜೆಯಲ್ಲಿ ಊರಿಗೆ ಬರುವ ಮಕ್ಕಳು ಒಂದು ಬೆಳಿಗ್ಗೆ ತೋಟಕ್ಕೆ ಇಳಿದು, ಪಹಣಿಯ ಬೆಳೆ ಕಾಲಮನ್ನಾದರೂ ಪರಿಶೀಲಿಸಬಾರದೇ ಎಂಬುದು ನಮ್ಮ ಪ್ರಶ್ನೆ.

ಅಂಗಳದಲ್ಲಿ ತಮ್ಮದೇ ಮಳೆಮಾಪಕವಿಟ್ಟು ಪ್ರತಿದಿನದ ಮಳೆಯನ್ನು ಡೈರಿಯಲ್ಲಿ ಬರೆದಿಡುವ ಕೃಷಿಕರು ನಮ್ಮ ಜಿಲ್ಲೆಯಲ್ಲಿ ಹಿಂದಿನಿಂದಲೂ ಇದ್ದಾರೆ. ಆ ಡೈರಿಗೆ ವಿಮಾ ಕಂಪೆನಿ ಬೆಲೆ ಕೊಡಲಿಕ್ಕಿಲ್ಲ. ಆದರೂ ಪಂಚಾಯತ್ ಮಾಪಕವು ಶೂನ್ಯ ತೋರಿಸಿದ ದಿನ ನಮ್ಮ ಅಂಗಳದಲ್ಲಿ ಎಷ್ಟು ನೀರು ಬಿತ್ತೆಂದು ಗ್ರಾಮಸಭೆಯಲ್ಲಿ ಎದ್ದು ಹೇಳಲು ಕೈಯಲ್ಲಿ ಅದೊಂದಾದರೂ ಇರುತ್ತದೆ.