ಯಂತ್ರದಲ್ಲಿ ಬೆಳೆದ ವಜ್ರದ ಪದಕ

ಪ್ರಯೋಗಶಾಲೆಯಲ್ಲಿ ಬೆಳೆಸಿದ ವಜ್ರದ ಪದಕಗಳು ಈಗ ನಮ್ಮ ಪಟ್ಟಣಗಳ ಒಡವೆಯಂಗಡಿಗಳಲ್ಲಿ ಹೇರಳವಾಗಿ ದೊರೆಯುತ್ತಿರುವುದನ್ನು ವಾಚಕರು ಬಲ್ಲರು. ಹಿಂದಿನ ಪದಕಗಳ ಹೂಬಳ್ಳಿಯಾಗಲಿ, ಕೆಂಪಿನ ಸಾಲಾಗಲಿ, ತೂಗುವ ಮುತ್ತುಗಳಾಗಲಿ ಇವುಗಳಲ್ಲಿಲ್ಲ. ನೂಲಿನೆಳೆಯಂತಹ ಸರ, ಅದರ ನಡುವೆ ಒಂದೇ ಹರಳು, ಅದನ್ನು ಹಿಡಿದಿಡಲು ಚಿನ್ನದ ತೆಳುವಾದ ಅಂಚು, ಇಲ್ಲವೆ ನಾಲ್ಕು ಸಣ್ಣ ಕೊಕ್ಕೆಗಳು. ಕಚೇರಿಗೆ ಹೋಗುವ ಹೆಣ್ಣುಮಕ್ಕಳಿಗೆ ಈ ಸರಳತೆಯು ಒಪ್ಪುವುದರಲ್ಲಿ ನಮಗೆ ಸಂದೇಹವಿಲ್ಲ. ನಮಗೆ ಸಂದೇಹವಿರುವುದು, ಇದನ್ನು ಮಗಳ ಆಪದ್ಧನವೆಂದು ಭಾವಿಸಿ ಕೊಳ್ಳುವ ತಂದೆಯರ ಲೆಕ್ಕದಲ್ಲಿ.

ಮೊದಲಿಗೆ ಒಂದು ಅಪವಾದವನ್ನು ನಿವಾರಿಸುವುದು ನ್ಯಾಯ. ಇದು ಗಾಜೂ ಅಲ್ಲ, ಅಮೇರಿಕನ್ ಡೈಮಂಡ್ ಎಂದು ಸಂತೆಯಲ್ಲಿ ಮಾರುವ ಹರಳೂ ಅಲ್ಲ. ಆ ಹರಳಿನಲ್ಲಿ ಇಂಗಾಲವೇ ಇರುವುದಿಲ್ಲ. ವಜ್ರವು ಶುದ್ಧ ಇಂಗಾಲವೆಂಬುದನ್ನು ಸ್ಮಿತ್‌ಸನ್ ಟೆನೆಂಟ್ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞನು 1797ರಲ್ಲಿಯೇ ವಜ್ರವನ್ನು ಸುಟ್ಟು ತೋರಿಸಿದನು. 1954ರ ಡಿಸೆಂಬರಿನಲ್ಲಿ ಅಮೇರಿಕೆಯ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಟ್ರೇಸಿ ಹಾಲ್ ಎಂಬ ವಿಜ್ಞಾನಿಯು ಭೂಗರ್ಭದ ಒತ್ತಡವನ್ನೂ ತಾಪವನ್ನೂ ಯಂತ್ರದಲ್ಲಿ ಉಂಟುಮಾಡಿ ವಜ್ರದ ಕಣಗಳನ್ನು ಪಡೆದನು. ಅನಂತರ ಬಂದ ಮತ್ತೊಂದು ವಿಧಾನದಲ್ಲಿ, ವಜ್ರದ ತೆಳುಬಿಲ್ಲೆಯೊಂದನ್ನು ಬೀಜವಾಗಿ ಮುಚ್ಚಿದ ಪಾತ್ರೆಯೊಳಗಿಟ್ಟು, ಮೀಥೇನ್ ಮತ್ತು ಜಲಜನಕ ಅನಿಲಗಳನ್ನು ಹಾಯಿಸಿ, ಅವುಗಳನ್ನು ಸೂಕ್ಷ್ಮತರಂಗಗಳಿಂದ ಕಾಯಿಸುತ್ತಾರೆ. ಇಂಗಾಲದ ಅಣುಗಳು ಪದರಪದರವಾಗಿ ಬೀಜದ ಮೇಲೆ ಕೂಡುತ್ತವೆ. ಕೆಲವು ವಾರಗಳಲ್ಲಿ ಹರಳು ಸಿದ್ಧ. ಕಾಠಿಣ್ಯ, ಹೊಳಪು, ಸಾಂದ್ರತೆ ಯಾವುದರಲ್ಲಿಯೂ ಅದು ಗಣಿಯ ವಜ್ರಕ್ಕಿಂತ ಕಡಿಮೆಯಲ್ಲ.

ಈ ಕೈಗಾರಿಕೆಯು ನಮ್ಮ ದೇಶದ ಸೂರತ್ತಿನಲ್ಲಿ ಬೇರೂರಿರುವುದು ಸಂತೋಷದ ಸಂಗತಿ. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತಕ್ಕೆ ಸಾಣೆ ಹಿಡಿಯುವ ಊರದು. 2023ರ ಮುಂಗಡಪತ್ರದಲ್ಲಿ ಕೇಂದ್ರ ಸರಕಾರವು ವಜ್ರಬೀಜದ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. ಅದೇ ವರ್ಷದ ಜೂನಿನಲ್ಲಿ ಪ್ರಧಾನಮಂತ್ರಿಗಳು ಅಮೇರಿಕದ ಅಧ್ಯಕ್ಷರ ಪತ್ನಿಗೆ ಇಂತಹ ಏಳೂವರೆ ಕ್ಯಾರಟ್ಟಿನ ವಜ್ರವನ್ನು ಕಾಣಿಕೆಯಾಗಿತ್ತರು. ಅಲ್ಲಿಯ ಸರಕಾರವು ಅದರ ಬೆಲೆಯನ್ನು 20,000 ಡಾಲರೆಂದು ದಾಖಲಿಸಿತು. ಅಷ್ಟೇ ತೂಕದ ಒಳ್ಳೆಯ ಗಣಿವಜ್ರಕ್ಕೆ ಈ ಹಣ ಏತಕ್ಕೂ ಸಾಲದು!

ತೊಡಕಿರುವುದು ಇಲ್ಲಿಯೇ. ವಜ್ರದ ಬೆಲೆಯು ಅದರ ವಿರಳತೆಯಿಂದ ಬಂದದ್ದು; ಯಂತ್ರಗಳು ಹೆಚ್ಚಿದಷ್ಟೂ ವಿರಳತೆಯು ಕರಗುವುದು ಸಹಜ. ಗಣಿಗಳ ದೊರೆಯೆನಿಸಿದ ಡಿ ಬೀರ್ಸ್ ಸಂಸ್ಥೆಯು 2018ರಲ್ಲಿ ಕ್ಯಾರಟ್ಟಿಗೆ 800 ಡಾಲರಿನಂತೆ ಬೆಳೆಸಿದ ವಜ್ರಗಳನ್ನು ತಾನೇ ಮಾರತೊಡಗಿ, ಬೆಲೆಗಳು ಕುಸಿಯುತ್ತ ಬರಲು, 2025ರಲ್ಲಿ ಆ ವ್ಯಾಪಾರವನ್ನು ಮುಚ್ಚುವುದಾಗಿ ಸಾರಿತು. ಹೋದ ವರ್ಷ ಕೊಟ್ಟ ಬೆಲೆ ಈ ವರ್ಷ ಹುಟ್ಟುವುದೆಂದು ಯಾರೂ ನಂಬುವಂತಿಲ್ಲ. ಗಣಿವಜ್ರವನ್ನು ಮರಳಿ ಮಾರಲು ಹೋದವನಿಗೂ ನಷ್ಟ ತಪ್ಪಿದ್ದಲ್ಲವಾದರೂ, ಇದರಷ್ಟಲ್ಲ.

ಹಾಗಾದರೆ ಪದಕದಲ್ಲಿ ಉಳಿಯುವುದೇನು? ಚಿನ್ನ. ಆದರೆ ಈ ಸರಳ ಕಟ್ಟಿನಲ್ಲಿ ಚಿನ್ನವಾದರೂ ಎಷ್ಟು? ಒಂದೂವರೆ ಗ್ರಾಂ ತೂಗುವ 18 ಕ್ಯಾರಟ್ಟಿನ ಕಟ್ಟಿನಲ್ಲಿ ಅಪ್ಪಟ ಚಿನ್ನವು ಒಂದು ಗ್ರಾಮಿಗಿಂತ ತುಸು ಹೆಚ್ಚು, ಅಷ್ಟೆ. ಅಡವಿಡಲು ಹೋದರೆ ಬ್ಯಾಂಕಿನವರು ಹರಳಿನ ತೂಕವನ್ನು ಕಳೆದು ಈ ಚಿನ್ನಕ್ಕೆ ಮಾತ್ರ ಸಾಲ ಕೊಡುವರು. ನಮ್ಮ ಅಜ್ಜಿಯರ ಗಟ್ಟಿ ಸರವು ಮಳೆ ಕೈಕೊಟ್ಟ ವರ್ಷ ಮನೆಯನ್ನು ಕಾಯ್ದಂತೆ ಈ ಪದಕವು ಕಾಯಲಾರದು. ಹಬ್ಬದ ಸೀರೆಗೆ ವೆಚ್ಚಮಾಡುವಂತೆ ವೆಚ್ಚಮಾಡುವವರಿಗೆ ನಮ್ಮ ಆಕ್ಷೇಪವಿಲ್ಲ.

ಮತ್ತೊಂದು ಮಾತು. ನುರಿತ ರತ್ನಪರೀಕ್ಷಕನೂ ಬರಿಯ ಮಸೂರದಿಂದ ಈ ಎರಡನ್ನು ಬೇರ್ಪಡಿಸಲಾರನು. ಅಂಗಡಿಗಳಲ್ಲಿ ಹರಳಿಗೆ ಮುಟ್ಟಿಸಿ ನೋಡುವ ಸಾಧಾರಣ ಉಪಕರಣವು ಎರಡನ್ನೂ ವಜ್ರವೆಂದೇ ಹೇಳುತ್ತದೆ. ಬೆಳಕನ್ನು ವಿಭಜಿಸಿ ನೋಡುವ ದೊಡ್ಡ ಯಂತ್ರಗಳು ಬೇಕು. ಆದುದರಿಂದ ಕೊಳ್ಳುವವನಿಗೆ ಆಧಾರವೆಂದರೆ ರಸೀದಿಯೊಂದೇ. ಹರಳು ಬೆಳೆಸಿದ್ದೋ ಗಣಿಯದ್ದೋ, ಹರಳಿನ ತೂಕವೆಷ್ಟು, ಚಿನ್ನದ ತೂಕವೆಷ್ಟು, ಮರಳಿ ತಂದರೆ ಕೊಡುವುದೆಷ್ಟು ಎಂಬುದನ್ನು ಅಂಗಡಿಯವರಿಂದ ಬೇರೆಬೇರೆಯಾಗಿ ಬರೆಯಿಸಿಕೊಳ್ಳಬೇಕು. ಹಾಲ್‌ಮಾರ್ಕ್ ಮುದ್ರೆಯಿದೆಯಲ್ಲಾ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುವರು. ಆ ಮುದ್ರೆಯು ಚಿನ್ನಕ್ಕೆ ಸಾಕ್ಷಿಯೇ ಹೊರತು ಹರಳಿಗಲ್ಲ. ಅದಲ್ಲದೆ, 2021ರಲ್ಲಿ ಮುದ್ರೆಯನ್ನು ಕಡ್ಡಾಯ ಮಾಡಿದಾಗ ಎರಡು ಗ್ರಾಮಿಗಿಂತ ಕಡಿಮೆ ತೂಗುವ ಒಡವೆಗಳಿಗೆ ವಿನಾಯಿತಿ ಕೊಡಲಾಯಿತು. ಈ ಹೊಸ ಪದಕಗಳಲ್ಲಿ ಅನೇಕವು ಆ ತೂಕದೊಳಗೇ ಬರುತ್ತವೆ.