ಇರುಳುಗಣ್ಣಿನವರ ಉಳಿದ ದೃಷ್ಟಿ

ದೀಪ ಹಚ್ಚುವ ಹೊತ್ತಾದೊಡನೆ ತಡವರಿಸಿ ನಡೆಯುವವರು, ಹೊಸ್ತಿಲನ್ನು ಎಡವುವವರು, ಪಕ್ಕದಲ್ಲಿಯೇ ಇರುವ ಚೆಂಬನ್ನು ಕಾಣದೆ ಉರುಳಿಸುವವರು ಕೆಲವು ಮನೆಗಳಲ್ಲಿ ಇರುವುದುಂಟು. ಹಿರಿಯರು ಇದನ್ನು ಇರುಳುಗಣ್ಣೆಂದು ಕರೆದು, ಸೊಪ್ಪು ತಿಂದರೆ ಹೋದೀತೆನ್ನುವರು. ಎ ಜೀವಸತ್ವದ ಕೊರತೆಯಿಂದ ಬಂದುದಾದರೆ ಆ ಮಾತು ದಿಟವೇ. ಆದರೆ ವಂಶದಿಂದ ಬರುವ ಇರುಳುಗಣ್ಣು ಬೇರೊಂದುಂಟು. ಅದು ಆಹಾರದಿಂದ ಗುಣವಾಗತಕ್ಕುದಲ್ಲ.

ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ತೆಳುವಾದ ಪದರಕ್ಕೆ ಅಕ್ಷಿಪಟಲವೆಂದು ಹೆಸರು. ಮಂದ ಬೆಳಕಿನಲ್ಲಿ ಕಾಣಲು ಬೇಕಾದ ಅದರ ಕೋಶಗಳು ಈ ವ್ಯಾಧಿಯಲ್ಲಿ ಮೊದಲು ನಶಿಸುತ್ತವೆ. ಇರುಳಿನ ನೋಟ ಕುಗ್ಗಿ, ಅನಂತರ ಸುತ್ತಲಿನ ನೋಟವೂ ಕಿರಿದಾಗಿ, ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸರು 1851ರಲ್ಲಿ ಕಣ್ಣಿನೊಳಗನ್ನು ನೋಡುವ ಉಪಕರಣವನ್ನು ಪ್ರಕಟಿಸಿದ ಮೇಲೆ, ಇಂಥ ರೋಗಿಗಳ ಅಕ್ಷಿಪಟಲದಲ್ಲಿ ಕಪ್ಪು ವರ್ಣದ ಚುಕ್ಕೆಗಳು ವೈದ್ಯರಿಗೆ ಕಾಣಿಸಿದುವು. ಆ ದಶಕದಲ್ಲಿಯೇ ಹಾಲೆಂಡಿನ ಡಾಂಡರ್ಸರು ಇದಕ್ಕೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂದು ಹೆಸರಿಟ್ಟರು. ಲೋಕದಲ್ಲಿ ಸುಮಾರು 4000 ಜನರಿಗೆ ಒಬ್ಬರಂತೆ ಈ ವ್ಯಾಧಿ ಇದೆಯೆಂದು ಅಂದಾಜು.

ಇದನ್ನು ಬೇರುಸಹಿತ ಕೀಳುವ ಔಷಧವು ಬಹುಮಂದಿಯ ಪಾಲಿಗೆ ಇಂದಿಗೂ ಇಲ್ಲ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆಯು ಆರ್‌ಪಿಇ65 ಎಂಬ ಒಂದೇ ಜೀನಿನ ದೋಷಕ್ಕೆ ಸಲ್ಲುವಂಥದು. "ಇದಕ್ಕೆ ಮದ್ದಿಲ್ಲ" ಎಂಬ ಮಾತನ್ನು ಒಮ್ಮೆ ಕೇಳಿದ ಮನೆಯವರು ಮತ್ತೆ ವೈದ್ಯರ ಬಳಿಗೆ ಹೋಗುವುದನ್ನೇ ಬಿಡುವರು. ವರುಷಗಳ ಮೇಲೆ ನೋಟ ಇನ್ನಷ್ಟು ಮಸುಕಾದರೆ, ರೋಗ ಬಲಿಯಿತೆಂದು ಸುಮ್ಮನಾಗುವರು. ಹಾನಿ ಆಗುವುದು ಇಲ್ಲಿಯೇ. ಮಸುಕಿಗೆ ಕಾರಣ ಮೂಲವ್ಯಾಧಿಯಲ್ಲದೆ, ಅದರ ಜೊತೆಗೆ ಬಂದ ಚಿಕಿತ್ಸಾಸಾಧ್ಯವಾದ ಬೇರೊಂದು ತೊಡಕೂ ಆಗಿರಬಹುದು.

ಅವುಗಳಲ್ಲಿ ಮೊದಲನೆಯದು ಕಣ್ಣಿನ ಪೊರೆ. ಇತರರಿಗೆ ಮುಪ್ಪಿನಲ್ಲಿ ಬರುವ ಪೊರೆಯು ಇವರಿಗೆ ಎಷ್ಟೋ ಮುಂಚೆಯೇ, ಹೆಚ್ಚಾಗಿ ಮಸೂರದ ಹಿಂಬದಿಯಲ್ಲಿ, ಕಟ್ಟಿಕೊಳ್ಳುತ್ತದೆ. ಬಿಸಿಲು ಕಣ್ಣಿಗೆ ಚುಚ್ಚುವುದು, ಅಕ್ಷರಗಳು ಮಂಜಾಗುವುದು ಇದರ ಕುರುಹು. ಅಕ್ಷಿಪಟಲದ ನಡುಭಾಗ ಇನ್ನೂ ಚೆನ್ನಾಗಿದ್ದರೆ, ಶಸ್ತ್ರಚಿಕಿತ್ಸೆಯಿಂದ ನಡುನೋಟ ತಿಳಿಯಾಗಬಹುದು. ಕಳೆದುಹೋದ ಸುತ್ತಲಿನ ನೋಟ ಮಾತ್ರ ಮರಳದು. ಮಸೂರವನ್ನು ಹಿಡಿದಿರುವ ಎಳೆಗಳು ಈ ರೋಗಿಗಳಲ್ಲಿ ಕೆಲವೊಮ್ಮೆ ದುರ್ಬಲವಾಗಿರುವುದರಿಂದ, ವ್ಯಾಧಿಯ ವಿಷಯವನ್ನು ಶಸ್ತ್ರವೈದ್ಯರಿಗೆ ಮೊದಲೇ ತಿಳಿಸಬೇಕು.

ಎರಡನೆಯದು ಅಕ್ಷಿಪಟಲದ ನಡುಭಾಗದಲ್ಲಿ ನೀರು ತುಂಬಿ ಬಾವು ಬರುವುದು. ಓದಲು, ಸೂಜಿಗೆ ದಾರ ಪೋಣಿಸಲು ಬೇಕಾದ ಸೂಕ್ಷ್ಮ ನೋಟ ಇದರಿಂದ ಕೆಡುತ್ತದೆ. ಬೆಳಕಿನಿಂದಲೇ ಪದರಗಳ ಚಿತ್ರ ತೆಗೆಯುವ, ನೋವಿಲ್ಲದ ಓಸಿಟಿ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಡಾರ್ಜೋಲಮೈಡ್ ಹನಿಗಳಿಂದಲೋ ಅಸಿಟಜೋಲಮೈಡ್ ಗುಳಿಗೆಗಳಿಂದಲೋ ಅನೇಕರಲ್ಲಿ ಬಾವು ಇಳಿಯುತ್ತದೆ. ಕೆಲವರಲ್ಲಿ ಮರುಕಳಿಸುವುದೂ ಉಂಟು. ಗುಳಿಗೆಯಿಂದ ಬೆರಳುಗಳು ಜುಮುಗುಟ್ಟುವುದು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವುದು ಮೊದಲಾದ ತೊಂದರೆಗಳು ಆಗಬಹುದಾದುದರಿಂದ, ವೈದ್ಯರ ಅಪ್ಪಣೆಯಿಲ್ಲದೆ ಅದನ್ನು ಸೇವಿಸಲಾಗದು. ಕೆಲವರಲ್ಲಿ ಕಣ್ಣಿನ ಒತ್ತಡವೇರಿ ಗ್ಲಾಕೋಮಾ ಬರುವುದರಿಂದ ಒತ್ತಡವನ್ನೂ ಅಳೆಯಿಸಬೇಕು. ಕಣ್ಣಿಗೆ ಒಳ್ಳೆಯದೆಂದು ಎ ಜೀವಸತ್ವದ ಗುಳಿಗೆಗಳನ್ನು ಮಿತಿಮೀರಿ ನುಂಗಿದರೆ ಯಕೃತ್ತು ಕೆಡುವುದು.

ವಂಶದ ವಿಷಯವಾಗಿಯೂ ಒಂದು ಮಾತು. ಈ ವ್ಯಾಧಿಯ ಒಂದು ಬಗೆಯಲ್ಲಿ ತಂದೆತಾಯಿಗಳಿಬ್ಬರೂ ಚೆನ್ನಾಗಿ ಕಾಣುತ್ತಿದ್ದು, ದೋಷವನ್ನು ಗುಪ್ತವಾಗಿ ಹೊತ್ತಿರುತ್ತಾರೆ; ಆಗ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲಿನ ಸಂಭವವುಂಟು. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ನಮ್ಮ ನಾಡಿನ ವಾಡಿಕೆಯಲ್ಲಿ ಇಂಥ ಗುಪ್ತದೋಷಗಳೆರಡು ಕೂಡುವುದು ಸುಲಭ. ಇಂಥ ಕುಟುಂಬದವರು ವಿವಾಹಕ್ಕೆ ಮೊದಲು ತಜ್ಞರ ಸಲಹೆ ಪಡೆಯುವುದು ಲೇಸು. ಹೆತ್ತವರನ್ನು ದೂಷಿಸುವುದು ಮಾತ್ರ ಸಲ್ಲದು.

ಆದುದರಿಂದ ಮನೆಯಲ್ಲಿ ಇಂಥವರಿದ್ದರೆ ವರುಷಕ್ಕೊಮ್ಮೆಯಾದರೂ ಕಣ್ಣಿನ ವೈದ್ಯರಿಗೆ ತೋರಿಸಿರಿ. ನೋಟ ಥಟ್ಟನೆ ಮಸುಕಾದರಂತೂ ತಡಮಾಡದಿರಿ. "ರೋಗ ಹೋಗುವುದೇ?" ಎಂಬ ಪ್ರಶ್ನೆಯೊಡನೆ "ಈ ಮಸುಕು ಯಾವುದರಿಂದ?" ಎಂಬುದನ್ನೂ ಕೇಳಿರಿ. ಎರಡನೆಯ ಪ್ರಶ್ನೆಗೆ ಎಷ್ಟೋ ಸಲ ಚಿಕಿತ್ಸೆಯುಂಟು.