ಗಾಳಿ ತಿರುಗಿದರೆ ಏಣಿಯೂ ತಿರುಗುತ್ತದೆ

ಒಲಿಂಪಿಕ್ಸ್‌ನ ಐಎಲ್‌ಸಿಎ ಹಾಯಿದೋಣಿ ವರ್ಗದ ಒಂದೊಂದು ಸ್ಪರ್ಧೆಯಲ್ಲೂ ಎಲ್ಲರದೂ ಒಂದೇ ಅಳತೆಯ ದೋಣಿ, ಒಂದೇ ಅಳತೆಯ ಹಾಯಿ. ಬೀಸುವ ಗಾಳಿಯೂ ಅದೇ ಆಗಿರುವಾಗ ಎದುರುಗಾಳಿಯ ಹಾದಿಯಲ್ಲಿ ಕೆಲವರು ಅಷ್ಟೊಂದು ಮುಂದೆ ಹೋಗುವುದು ಹೇಗೆ ಎಂದು ಓದುಗರೊಬ್ಬರು ಕೇಳಿದ್ದಾರೆ. ‘ಗಾಳಿ ಅದೇ’ ಎಂಬ ಎಣಿಕೆಯೇ ತಪ್ಪು. ನಿಮಿಷ ನಿಮಿಷಕ್ಕೂ ಅದು ದಿಕ್ಕು ಬದಲಿಸುತ್ತಿರುತ್ತದೆ.

ಹಾಯಿದೋಣಿ ಗಾಳಿಗೆ ನೇರ ಮುಖಮಾಡಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ ಸಾಗಬೇಕು. ಈ ಹೊರಳುವಿಕೆಯೇ ಟ್ಯಾಕ್. ನೀರಿನ ಮೇಲೆ ಅಗಲವಾದ ಏಣಿಯೊಂದು ಮಲಗಿದೆ, ಅದರ ಮೇಲ್ತುದಿ ಗಾಳಿ ಬರುವ ಕಡೆಗಿದೆ, ಮೆಟ್ಟಿಲುಗಳು ಗಾಳಿಗೆ ಅಡ್ಡಲಾಗಿವೆ ಎಂದುಕೊಳ್ಳಿ. ಒಂದೇ ಮೆಟ್ಟಿಲಿನ ಎಡತುದಿಯಲ್ಲೊಂದು, ಬಲತುದಿಯಲ್ಲೊಂದು ದೋಣಿ ಇದ್ದರೆ ಎರಡೂ ಸರಿಸಮ. ಈಗ ಗಾಳಿ 10 ಡಿಗ್ರಿ ಬಲಕ್ಕೆ ತಿರುಗಿತೆನ್ನಿ. ಏಣಿಯೂ ಅಷ್ಟೇ ತಿರುಗಿ, ಬಲಗಡೆಯ ದೋಣಿ ಇದ್ದಲ್ಲೇ ಮೇಲಿನ ಮೆಟ್ಟಿಲಿಗೆ ಬಂದಿರುತ್ತದೆ. ದೋಣಿಗಳ ನಡುವೆ 100 ಮೀಟರ್ ಇದ್ದರೆ ಈ ಲಾಭ ಸುಮಾರು 17 ಮೀಟರ್. ಓರೆ ಹಾದಿಯಲ್ಲಿ ಅಳೆದರೆ ಹತ್ತಿರ ಹತ್ತಿರ 25!

ಗಾಳಿ ತಿರುಗುವುದಕ್ಕೂ ಕಾರಣವಿದೆ. ನೆಲ, ನೀರಿನ ಘರ್ಷಣೆಯಿಂದ ಕೆಳಗಿನ ಗಾಳಿ ನಿಧಾನವಾಗುತ್ತದೆ. ಭೂಮಿಯ ತಿರುಗುವಿಕೆಯಿಂದಾಗಿ ಮೇಲಿನ ಗಾಳಿಯ ದಿಕ್ಕು ಬೇರೆಯೇ ಇರುತ್ತದೆ. ಬಿಸಿಲಿಗೆ ಎರಡೂ ಕಲೆತಾಗ ಮೇಲಿನದು ರಭಸದಿಂದ ಕೆಳಗಿಳಿಯುತ್ತದೆ. ಉತ್ತರಾರ್ಧಗೋಳದಲ್ಲಿ ಇಂಥ ಬೀಸುಗಳು ಸಾಮಾನ್ಯವಾಗಿ ಬಲಕ್ಕೆ ವಾಲಿರುತ್ತವೆ. ಹೀಗೆ ಅತ್ತಿತ್ತ ತೂಗುವ ಗಾಳಿಯಲ್ಲಿ, ಅದು ದೋಣಿಯ ಮೂತಿಯ ಕಡೆಗೆ ಸರಿದ ಕೂಡಲೇ ಟ್ಯಾಕ್ ಮಾಡುವುದು ಜಾಣತನ. ಮಧ್ಯಾಹ್ನದ ಕಡಲಗಾಳಿಯಂತೆ ಒಂದೇ ಕಡೆಗೆ ತಿರುಗುತ್ತ ಹೋಗುವುದಾದರೆ ಮೊದಲೇ ಆ ಪಕ್ಕಕ್ಕೆ ಹೋಗಿ ಕಾಯಬೇಕು. ಯಾವುದು ಯಾವ ಬಗೆಯದೆಂದು ಗುರುತಿಸುವುದರಲ್ಲೇ ನಾವಿಕನ ನಿಜವಾದ ಪರೀಕ್ಷೆ.

ಇದಕ್ಕೊಂದು ಉದಾಹರಣೆ 1983ರ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯ. ಅದೆಂದರೆ ಎಲ್ಲರೂ ‘ಆಸ್ಟ್ರೇಲಿಯಾ 2’ ದೋಣಿಗೆ ಬೆನ್ ಲೆಕ್ಸೆನ್ ರೂಪಿಸಿದ ರೆಕ್ಕೆಯ ಕೀಲ್ (ದೋಣಿಯ ತಳದ ಭಾರದ ಅಲಗು) ಬಗ್ಗೆಯೇ ಮಾತಾಡುತ್ತಾರೆ. ಕೀಲ್ ದೊಡ್ಡ ಸಾಧನೆಯೇ. ಆದರೆ ಅದರ ಅಬ್ಬರದಲ್ಲಿ ಗಾಳಿ ಓದಿದವರ ಜಾಣ್ಮೆ ಮರೆಯಾಗಿರುವುದು ಅನ್ಯಾಯ. ಸೆಪ್ಟೆಂಬರ್ 26ರಂದು ನ್ಯೂಪೋರ್ಟ್ ಕಡಲಲ್ಲಿ ಏಳನೆಯ, ನಿರ್ಣಾಯಕ ಓಟ. ಗಾಳಿಯನ್ನು ಬೆನ್ನಿಗೆ ಪಡೆದು ಸಾಗುವ ಐದನೆಯ ಹಂತ ಶುರುವಾದಾಗ ಅಮೆರಿಕದ ಡೆನ್ನಿಸ್ ಕಾನರ್ ಅವರ ‘ಲಿಬರ್ಟಿ’ 57 ಸೆಕೆಂಡು ಮುಂದಿತ್ತು. ಗಾಳಿಯೊಂದಿಗೆ ಏಣಿ ಇಳಿಯುವಾಗಲೂ ಲೆಕ್ಕ ಅದೇ, ಲಾಭದ ಪಕ್ಕ ಮಾತ್ರ ತಿರುಗುಮುರುಗು. ಜಾನ್ ಬರ್ಟ್ರಂಡ್ ನಡೆಸುತ್ತಿದ್ದ ‘ಆಸ್ಟ್ರೇಲಿಯಾ 2’ ಬೇರೆ ಪಕ್ಕ ಹಿಡಿದು, ಒಳ್ಳೆಯ ಗಾಳಿ ಸಿಕ್ಕಿ, ಹಂತ ಮುಗಿಯುವಾಗ 21 ಸೆಕೆಂಡು ಮುಂದೆ ಬಂತು.

ಕೊನೆಯ ಎದುರುಗಾಳಿ ಹಂತದಲ್ಲಿ ತಪ್ಪಿಸಿಕೊಳ್ಳಲು ಕಾನರ್ 47 ಬಾರಿ ಟ್ಯಾಕ್ ಮಾಡಿದರು. ಮುಂದಿದ್ದ ಬರ್ಟ್ರಂಡ್ ಅವರೊಂದಿಗೇ ಹೊರಳುತ್ತ ಬಂದರು: ಇಬ್ಬರೂ ಏಣಿಯ ಒಂದೇ ಪಕ್ಕದಲ್ಲಿದ್ದರೆ ಗಾಳಿ ಎತ್ತ ತಿರುಗಿದರೂ ಹಿಂದಿನವರಿಗೆ ಲಾಭವಿಲ್ಲ. 41 ಸೆಕೆಂಡುಗಳ ಅಂತರದಲ್ಲಿ ಬರ್ಟ್ರಂಡ್ ಗೆದ್ದಾಗ, ಕಪ್ 132 ವರ್ಷಗಳಲ್ಲಿ ಮೊದಲ ಬಾರಿ ಅಮೆರಿಕನ್ನರ ಕೈತಪ್ಪಿತು.